ಮದುವೆಯ ಗಾದಿಯನ್ನು ಒಮ್ಮೆ ತೂಕಕ್ಕೆ ಹಾಕಿ

ನಮ್ಮ ಪಾಳಾದ ಕಡೆ ಮದುವೆ ಗೊತ್ತಾದರೆ, ಚಿನ್ನದ ಮಾತು ಮುಗಿದ ಕೂಡಲೇ ಬರುವುದು ಸಾಮಾನಿನ ಮಾತು. ಮಂಚ, ಗಾದಿ, ಕಪಾಟು, ಡ್ರೆಸ್ಸಿಂಗ್ ಟೇಬಲ್. "ನಾವೇನೂ ಕೇಳೋದಿಲ್ರಿ, ನಿಮ್ಮ ಮಗಳಿಗೆ ನೀವು ಏನ್ ಕೊಡ್ತೀರೋ ಕೊಡ್ರಿ" ಅನ್ನುತ್ತಾರೆ ಗಂಡಿನ ಕಡೆಯವರು. ಕೇಳದೇ ಕೇಳುವುದು ಅಂದರೆ ಇದೇ. ನಮ್ಮ ಅಕ್ಕನ ಮದುವೆಯಲ್ಲೂ ಹೀಗೇ ಆಯಿತು. ಅಪ್ಪ ಸಾಲ ತೆಗೆದು ಪೇಟೆಯ ಅಂಗಡಿಯೊಂದರಿಂದ ಇಡೀ ಸೆಟ್ ತಂದರು. ಬಡ್ಡಿ ಬೇಡವೆಂದು ನಂಬಿದ ಮನೆಗೆ ಬಡ್ಡಿ ಬಂದದ್ದು ಆ ಸೆಟ್ಟಿನ ಜೊತೆಗೆ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಡ್ರೆಸ್ಸಿಂಗ್ ಟೇಬಲ್ಲಿನ ಬುಡ ಉಬ್ಬಿತು. ಗಾದಿ ನಡುವೆ ಹಳ್ಳವಾಯಿತು. ಸಾಲದ ಕಂತು ಇನ್ನೂ ಎಂಟು ಬಾಕಿ ಇವೆ. ನನ್ನ ಡಿಗ್ರಿ ಅಡ್ಮಿಷನ್ನಿಗೆ ಹಣ ಹೊಂದಿಸಬೇಕಾದವರೂ ಅದೇ ಅಪ್ಪ.

ಟೇಬಲ್ಲಿನದು ಸಣ್ಣ ಕಥೆ. ಸುತ್ತ ಸಾಗವಾನಿ ಕಾಡು ಇಟ್ಟುಕೊಂಡು ನಾವು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿದ ಹಲಗೆ ಕೊಳ್ಳುತ್ತಿದ್ದೇವೆ. ಸಾಗವಾನಿ ದುಬಾರಿ, ನಿಜ. ಕಾಗದಪತ್ರ ಇಲ್ಲದ ಅಗ್ಗದ ಸಾಗವಾನಿ ಯಾರಾದರೂ ತೋರಿಸಿದರೆ ಅದರ ಹಿಂದೆ ಅರಣ್ಯ ಇಲಾಖೆಯ ಕೇಸೂ ಬರಬಹುದು. ಆದರೂ ಕೊಳ್ಳುವ ಮೊದಲು ಡ್ರಾವರನ್ನು ಪೂರ್ತಿ ಹೊರಗೆಳೆದು ಹಿಂಬದಿಯನ್ನೂ ಸ್ಕ್ರೂ ಹಾಕಿದ ತೂತನ್ನೂ ನೋಡಬಹುದಿತ್ತು. ನಾವು ನೋಡಿದ್ದು ಕನ್ನಡಿಯನ್ನು.

ಗಾದಿಯದು ದೊಡ್ಡ ಕಥೆ. ನಾವು ನದಾಫರು. ಅಜ್ಜ ಹತ್ತಿ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಗಾದಿ ಹೊಲಿದವರು. ಅವರ ಮೊಮ್ಮಗಳ ಮದುವೆಗೆ ಫೋಮ್ ಗಾದಿ! ಅಕ್ಕನ ಮನೆಗೆ ಹೋದಾಗ ಅಜ್ಜ ಅದನ್ನು ಎತ್ತಿ ನೋಡಿ, "ಇದರಾಗ ಏನೂ ಇಲ್ಲಬೇ" ಅಂದರು. ಗೋವಿನಜೋಳದ ಚೀಲ ತೂಗುವ ಕಾಟಾದ ಮೇಲೆ ಇಟ್ಟೆವು. 7 ಕೆ.ಜಿ.

ಆಗ ನನಗೆ ಒಂಬತ್ತನೇ ತರಗತಿಯ ಸಾಂದ್ರತೆಯ ಪಾಠ ನೆನಪಾಯಿತು. ಗಾದಿಯ ಉದ್ದ 6 ಅಡಿ, ಅಗಲ 5 ಅಡಿ, ದಪ್ಪ 5 ಇಂಚು. ಅಂದರೆ 12.5 ಘನ ಅಡಿ, ಸುಮಾರು 0.35 ಘನ ಮೀಟರ್. ಏಳನ್ನು ಅದರಿಂದ ಭಾಗಿಸಿದರೆ 20. ಅಂಗಡಿಯವರು ಹೇಳಿದ್ದು "32 ಡೆನ್ಸಿಟಿ". ಅದು ನಿಜವಾಗಿದ್ದರೆ ಗಾದಿ 11 ಕೆ.ಜಿ. ದಾಟಬೇಕಿತ್ತು. ನಾವು ದಪ್ಪ ನೋಡಿ ಹಣ ಕೊಟ್ಟಿದ್ದೆವು, ಒಳಗಿದ್ದದ್ದು ಗಾಳಿ. (ಈ ಲೆಕ್ಕ ಪೂರ್ತಿ ಫೋಮ್ ಇರುವ ಗಾದಿಗೆ ಮಾತ್ರ. ತೆಂಗಿನ ನಾರು, ಸ್ಪ್ರಿಂಗು, ಚೂರು ಫೋಮ್ ಅಂಟಿಸಿದ ಗಾದಿಗೆ ಹೊಂದುವುದಿಲ್ಲ.)

ಹತ್ತಿ ಗಾದಿಯೇ ಎಲ್ಲದಕ್ಕೂ ಮೇಲು ಎಂದು ನದಾಫರ ಹುಡುಗಿಯಾದರೂ ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಅದು ಥಂಡಿ ಹಿಡಿಯುತ್ತದೆ, ಉಬ್ಬಸ ಇದ್ದವರಿಗೆ ಧೂಳು ಆಗುವುದಿಲ್ಲ, ಬಿಸಿಲಿಗೆ ಹೊತ್ತು ಹಾಕುವ ಕೆಲಸ ಹೆಣ್ಣುಮಕ್ಕಳ ಸೊಂಟಕ್ಕೇ ಬೀಳುತ್ತದೆ. ಆದರೆ ಕುಗ್ಗಿದ ಹತ್ತಿಯನ್ನು ಬಿಚ್ಚಿ, ಹಿಂಜಿ, ಮತ್ತೆ ಹೊಲಿಯಬಹುದು. ಕುಗ್ಗಿದ ಫೋಮನ್ನು ಏನು ಮಾಡುತ್ತೀರಿ? ಹತ್ತಿ ಕೊಳ್ಳುವವರಿಗೆ ಅಜ್ಜನ ಒಂದು ಮಾತಿದೆ: ಮೂಲೆಯ ಹೊಲಿಗೆ ಬಿಚ್ಚಿಸಿ ನೋಡಿ, ಬಣ್ಣದ ನೂಲಿನ ಚೂರು ಕಂಡರೆ ಹಳೇ ಬಟ್ಟೆಯ ಚಿಂದಿ ಸೇರಿದೆ ಎಂದು ತಿಳಿಯಿರಿ. ಹೊದಿಕೆಯ ವಿಷಯವೂ ಅಷ್ಟೇ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹಳೇ ಬಟ್ಟೆಯಿಂದ ಹೊಲಿದ ಕೌದಿ ಅಮೆರಿಕದ ಪ್ರದರ್ಶನದವರೆಗೆ ಹೋಗಿದೆ. ನಾವು ಅಕ್ಕನಿಗೆ ಕೊಟ್ಟದ್ದು ಪ್ಲಾಸ್ಟಿಕ್ ಚೀಲದಲ್ಲಿದ್ದ ಪಾಲಿಯೆಸ್ಟರ್ ಬ್ಲಾಂಕೆಟ್.

ಅಂಗಡಿಗೆ ಹೋಗಿ ಕೇಳೋಣವೆಂದರೆ ನಮ್ಮ ಕೈಯಲ್ಲಿದ್ದದ್ದು "ಎಸ್ಟಿಮೇಟ್" ಎಂದು ಬರೆದ ಚೀಟಿ. ಪಕ್ಕಾ ರಸೀದಿ ಬೇಡವೆಂದರೆ ಸ್ವಲ್ಪ ಕಡಿಮೆ ಮಾಡುತ್ತೇವೆ ಅಂದಿದ್ದರು, ಅಪ್ಪ ಒಪ್ಪಿದ್ದರು. ರಸೀದಿ ಇದ್ದು ಅದರಲ್ಲಿ ಡೆನ್ಸಿಟಿ ಬರೆಸಿದ್ದರೆ ನಮ್ಮ ದೂರಿಗೆ ಬಲ ಇರುತ್ತಿತ್ತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ.

ಇಷ್ಟೆಲ್ಲ ಜಾಣತನದಿಂದ ಕೊಂಡರೂ ಒಂದು ಪ್ರಶ್ನೆ ಉಳಿಯುತ್ತದೆ: ಇದನ್ನು ಹುಡುಗಿಯ ಅಪ್ಪನೇ ಯಾಕೆ ಕೊಳ್ಳಬೇಕು? ನಿಕಾಹದಲ್ಲಿ ಮೆಹರ್ ಕೊಡಬೇಕಾದವನು ಗಂಡು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ತೆಗೆದುಕೊಂಡವರನ್ನಷ್ಟೇ ಅಲ್ಲ, ಕೊಟ್ಟವರನ್ನೂ ಅಪರಾಧಿ ಎನ್ನುತ್ತದೆ. ಕೇಳದೇ ಕೊಟ್ಟ ಉಡುಗೊರೆಗೆ ವಿನಾಯಿತಿ ಇದೆ, ಆದರೆ 1985ರ ನಿಯಮದಂತೆ ಅದರ ಪಟ್ಟಿ ಬರೆದು ಸಹಿ ಹಾಕಬೇಕು. ನಮ್ಮೂರಲ್ಲಿ ಅಂಥ ಪಟ್ಟಿಯನ್ನು ನಾನಂತೂ ನೋಡಿಲ್ಲ. ಸಾಮಾನು ತುಂಬಿದ ಟೆಂಪೊ ಮಾತ್ರ ಎಲ್ಲರೂ ನೋಡುತ್ತಾರೆ.

ನನ್ನ ಅಭಿಪ್ರಾಯ ಇಷ್ಟು: ಮದುವೆಯ ದಿನ ಸಾಮಾನು ಹೋಗುವುದೇ ಬೇಡ. ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಕೋಣೆಯ ಅಳತೆ ತೆಗೆದು, ಕೈಯಲ್ಲಿ ದುಡ್ಡು ಬಂದಂತೆ ಒಂದೊಂದೇ ಕೊಳ್ಳಲಿ. ಅಕ್ಕನ ಕೋಣೆ 10 ಅಡಿ ಚೌಕ. ಮಂಚ, ಟೇಬಲ್ ಇಟ್ಟ ಮೇಲೆ ಕಪಾಟಿನ ಒಂದು ಬಾಗಿಲು ತೆರೆಯುವುದೇ ಇಲ್ಲ, ಆ ಬದಿಯಲ್ಲಿ ಇಟ್ಟ ಬಟ್ಟೆಯನ್ನು ಅವಳು ಕೈ ತೂರಿಸಿ ತೆಗೆಯುತ್ತಾಳೆ.