ಸಂಶಯಕ್ಕೆ ಸಂಕೋಲೆ ತೊಡಿಸುವ ಅಧಿಕಾರವಿಲ್ಲ

ಮೀನು ಕದ್ದರೆಂಬ ಸಂಶಯದಿಂದ ಬಡ ದಲಿತ ಮಹಿಳೆಯೊಬ್ಬರನ್ನು ಮಲ್ಪೆ ಬಂದರಿನಲ್ಲಿ ಮರಕ್ಕೆ ಕಟ್ಟಿ ಹೊಡೆದ ಘಟನೆ 2025ರ ಮಾರ್ಚ್ ತಿಂಗಳಲ್ಲಿ ನಡೆಯಿತು. ಸುತ್ತ ನೆರೆದವರು ನೋಡುತ್ತ ನಿಂತರು. ಮೊಬೈಲ್‌ನಲ್ಲಿ ಚಿತ್ರೀಕರಣವೂ ನಡೆಯಿತು. ಆ ದೃಶ್ಯ ನಾಡಿನಾದ್ಯಂತ ಹರಡಿದ ಬಳಿಕ ಪೊಲೀಸರು ಮೊಕದ್ದಮೆ ದಾಖಲಿಸಿ ಕೆಲವರನ್ನು ಬಂಧಿಸಿದರು. ಮುಖ್ಯಮಂತ್ರಿಗಳು ಕೃತ್ಯವನ್ನು ಖಂಡಿಸಿದರು. ಆದರೆ ಬಂಧಿತರ ಪರವಾಗಿಯೂ ಪ್ರತಿಭಟನೆ ನಡೆಯಿತು! ಕಳ್ಳತನ ಮಾಡಿದರೆ ಹೊಡೆಯದೆ ಇನ್ನೇನು ಮಾಡಬೇಕು ಎಂದು ಕೇಳುವವರು ನಮ್ಮ ಸುತ್ತಲೂ ಇದ್ದಾರೆ.

ತೆಂಗಿನಗುಂಡಿಯದೂ ಬಂದರು. ಮಲ್ಪೆಯ ಕಡಲು, ಮಲ್ಪೆಯ ಕಸುಬು ಇಲ್ಲಿಯೂ ಇವೆ. ಆದ್ದರಿಂದ ಅದನ್ನು ಬೇರೆ ಊರಿನ ಸುದ್ದಿಯೆಂದು ಓದಿ ಮಡಚಿಡುವಂತಿಲ್ಲ. ಬಂದರಿನಲ್ಲಿ ಮರವಿದ್ದರೆ ಪಟ್ಟಣದ ದೊಡ್ಡ ಮಳಿಗೆಗಳಲ್ಲಿ ಹಿಂಬದಿಯ ಕೋಣೆಯಿದೆ. ಹಬ್ಬದ ಖರೀದಿಗೆಂದು ಹೋದ ಹುಡುಗನನ್ನೋ ಬುರ್ಖಾ ಧರಿಸಿದ ಹೆಣ್ಣುಮಗಳನ್ನೋ ಬಾಗಿಲಲ್ಲಿ ತಡೆದು ಆ ಕೋಣೆಗೆ ಕರೆದೊಯ್ದರೆ ಏನಾಗುತ್ತದೆ? ಚೀಲ ಸುರಿಯಲು ಹೇಳುತ್ತಾರೆ, ಗದರಿಸುತ್ತಾರೆ, ತಪ್ಪೊಪ್ಪಿಗೆ ಬರೆಯಿಸುತ್ತಾರೆ, ವಸ್ತುವಿನ ಬೆಲೆಯ ಹತ್ತು ಪಟ್ಟು ದಂಡ ಕೇಳುತ್ತಾರೆ. ಆರೋಪಿಸುವವರೂ ಅವರೇ, ತೀರ್ಪು ಕೊಡುವವರೂ ಅವರೇ, ದಂಡ ವಸೂಲಿ ಮಾಡುವವರೂ ಅವರೇ! ಈ ನ್ಯಾಯಾಲಯವನ್ನು ಸ್ಥಾಪಿಸಿದವರಾರು?

ದೇಶದ ಕಾನೂನಂತೂ ಸ್ಥಾಪಿಸಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮು ಖಾಸಗಿ ವ್ಯಕ್ತಿಗೆ ಬಂಧಿಸುವ ಅಧಿಕಾರವನ್ನು ಬಹಳ ಸೀಮಿತವಾಗಿ ಕೊಟ್ಟಿದೆ. ಘೋಷಿತ ಅಪರಾಧಿಯ ಮಾತನ್ನು ಬಿಟ್ಟರೆ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ರಹಿತವಾದ ಅಪರಾಧವು ತನ್ನ ಸಮ್ಮುಖದಲ್ಲೇ ನಡೆದಿರಬೇಕು. ಹಾಗೆ ಹಿಡಿದವನನ್ನು ಅನಗತ್ಯ ವಿಳಂಬವಿಲ್ಲದೆ, ಹೆಚ್ಚೆಂದರೆ ಆರು ಗಂಟೆಗಳೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು. ಆರು ಗಂಟೆ ಎಂಬುದು ಗರಿಷ್ಠ ಮಿತಿಯೇ ಹೊರತು ಅಂಗಡಿಯವರಿಗೆ ವಿಚಾರಣೆಗಾಗಿ ಕೊಟ್ಟ ಅವಧಿಯಲ್ಲ. "ಸಂಶಯ ಬಂತು" ಎಂಬುದು ಈ ಕಲಮಿನಡಿ ಕಾರಣವೇ ಅಲ್ಲ.

ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಇನ್ನೊಂದು ಮುಖ್ಯ ಬದಲಾವಣೆ ತಂದಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಮೊದಲ ಬಾರಿಗೆ ದೋಷಿಯಾದವನು ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಇಂತಹ ಪ್ರಕರಣ ಜಾಮೀನಿಗೆ ಅರ್ಹ. ಇದರಲ್ಲಿ ಪೊಲೀಸರೂ ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ. ಪೊಲೀಸರಿಗೇ ಇಲ್ಲದ ಅಧಿಕಾರ ಅಂಗಡಿಯ ಕಾವಲುಗಾರನಿಗೆ ಎಲ್ಲಿಂದ ಬರಬೇಕು?

ಬದಲಾಗಿ, ಒಬ್ಬನನ್ನು ಅಕ್ರಮವಾಗಿ ಕೂಡಿಹಾಕುವುದೇ ಅಪರಾಧ. ಅದೇ ಸಂಹಿತೆಯ 127ನೇ ಕಲಮಿನನ್ವಯ ಅದಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 5,000 ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಬೆದರಿಸಿ ಹಣ ಕೀಳುವುದು ಸುಲಿಗೆ; ತಪ್ಪೊಪ್ಪಿಗೆಗಾಗಿ ಹೊಡೆಯುವುದು ಪ್ರತ್ಯೇಕ ಅಪರಾಧ. ಪೊಲೀಸರು ಹೆಣ್ಣುಮಕ್ಕಳ ಶೋಧ ನಡೆಸಬೇಕಾದರೂ ಮಹಿಳೆಯೇ, ಮರ್ಯಾದೆಗೆ ಕುಂದು ಬಾರದಂತೆ ನಡೆಸಬೇಕು. ಹದಿನೆಂಟು ತುಂಬದ ಮಕ್ಕಳ ವಿಚಾರವನ್ನು 2015ರ ಬಾಲ ನ್ಯಾಯ ಕಾಯ್ದೆಯಂತೆ ಮಕ್ಕಳ ಪೊಲೀಸ್ ಘಟಕ ಮತ್ತು ಬಾಲ ನ್ಯಾಯ ಮಂಡಳಿ ನೋಡಿಕೊಳ್ಳಬೇಕು. ಅವರನ್ನು ಠಾಣೆಯ ಲಾಕಪ್ಪಿನಲ್ಲಿಡಲೂ ಅವಕಾಶವಿಲ್ಲ. ಹೀಗಿರುವಾಗ ಅಂಗಡಿಯ ಕೋಣೆಯಲ್ಲಿ ಮಗುವನ್ನು ಕೂಡಿಹಾಕುವುದೆಂದರೇನು?

ಇಷ್ಟೆಲ್ಲ ಹಕ್ಕುಗಳಿದ್ದೂ ನಮ್ಮ ಕುಟುಂಬಗಳು ಮಾಡುವುದೇನು? "ಊರಿಗೆ ಗೊತ್ತಾದರೆ ಮಾನ ಹೋಗುತ್ತದೆ, ಕೇಳಿದಷ್ಟು ಕೊಟ್ಟು ಕರೆತನ್ನಿ" ಎನ್ನುತ್ತಾರೆ ಹಿರಿಯರು. ನಿರಪರಾಧಿಯಾದ ಮಗಳು ಅಪರಾಧಿಯೆಂದು ಸಹಿ ಮಾಡಿ ಮನೆಗೆ ಬಂದರೆ ಉಳಿದದ್ದು ಮಾನವೇ? ಈ ಭಯವೇ ಹಿಂಬದಿಯ ಕೋಣೆಗಳ ಬಂಡವಾಳ. ಇಂತಹ ಸಂದರ್ಭದಲ್ಲಿ ಓಡಬಾರದು, ಕೈ ಎತ್ತಬಾರದು. ಬಿಲ್ಲು ತೋರಿಸಬೇಕು. "ನನ್ನ ಮೇಲೆ ಆರೋಪವಿದ್ದರೆ ಪೊಲೀಸರನ್ನು ಕರೆಯಿರಿ" ಎಂದು ಸ್ಪಷ್ಟವಾಗಿ ಹೇಳಬೇಕು. ಅವರು ಕರೆಯದಿದ್ದರೆ ತಾವೇ 112ಕ್ಕೆ ಕರೆ ಮಾಡಬೇಕು. ಯಾವ ಕಾಗದಕ್ಕೂ ಸಹಿ ಹಾಕಬಾರದು. ಸಿಸಿಟಿವಿ ದೃಶ್ಯವನ್ನು ಕಾಯ್ದಿರಿಸುವಂತೆ ಲಿಖಿತವಾಗಿ ಕೇಳಬೇಕು. ಬಂಧಿಸಿದರೆ ಕಾರಣ ತಿಳಿಯುವ, ವಕೀಲರನ್ನು ಕಾಣುವ, 24 ಗಂಟೆಗಳೊಳಗೆ ನ್ಯಾಯಾಧೀಶರೆದುರು ಹಾಜರಾಗುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ; ಅದರ ಸಹಾಯವಾಣಿ 15100.

ಆದರೆ ಹಕ್ಕಿನ ಮಾತು ನಮ್ಮವರು ಆರೋಪಿಗಳಾದಾಗ ಮಾತ್ರ ನೆನಪಾದರೆ ಅದು ನ್ಯಾಯವಲ್ಲ, ಸ್ವಾರ್ಥ. ಭಟ್ಕಳದ ಪೇಟೆಯಿಂದ ಹಿಡಿದು ಕರಾವಳಿಯ ಉದ್ದಗಲಕ್ಕೂ ಮುಸ್ಲಿಮರು ವ್ಯಾಪಾರಿಗಳು. ನಮ್ಮ ಅಂಗಡಿಯಲ್ಲಿ ವಸ್ತು ಕಾಣೆಯಾದಾಗ ಮೊದಲು ಯಾರ ಮೇಲೆ ಕಣ್ಣು ಬೀಳುತ್ತದೆ? ಉತ್ತರ ಕರ್ನಾಟಕದಿಂದ ಬಂದ ಕೂಲಿಯಾಳಿನ ಮೇಲೆ, ಹರಿದ ಬಟ್ಟೆಯ ಹುಡುಗನ ಮೇಲೆ! ಕೇರಳದ ಅಟ್ಟಪ್ಪಾಡಿಯಲ್ಲಿ 2018ರ ಫೆಬ್ರವರಿಯಲ್ಲಿ ಆಹಾರ ಸಾಮಗ್ರಿ ಕದ್ದನೆಂದು ಆದಿವಾಸಿ ಯುವಕ ಮಧುವನ್ನು ಹಿಡಿದು ಕಟ್ಟಿ ಹೊಡೆದು ಕೊಂದರು. 2023ರ ಏಪ್ರಿಲ್‌ನಲ್ಲಿ ನ್ಯಾಯಾಲಯ 14 ಮಂದಿಯನ್ನು ದೋಷಿಗಳೆಂದು ಘೋಷಿಸಿತು. ಅವರಲ್ಲಿ ಮುಸ್ಲಿಮ್ ಹೆಸರುಗಳೂ ಇದ್ದವೆಂಬುದನ್ನು ನಾವು ಮರೆಯಬಾರದು.

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 105ರಿಂದ 112ರವರೆಗಿನ ವಚನಗಳ ಹಿನ್ನೆಲೆಯನ್ನು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಮದೀನಾದಲ್ಲಿ ಮುಸ್ಲಿಮನೆನಿಸಿಕೊಂಡವನೊಬ್ಬ ಕವಚ ಕದ್ದು ಆರೋಪವನ್ನು ಯಹೂದಿಯೊಬ್ಬನ ಮೇಲೆ ಹೊರಿಸಿದ. ಅವನ ಬಳಗ ಅವನ ಪರವಾಗಿ ನಿಂತಿತು. ಆಗ ಅವತೀರ್ಣಗೊಂಡ ದಿವ್ಯವಚನಗಳು ಆ ಯಹೂದಿಯನ್ನು ನಿರ್ದೋಷಿಯೆಂದು ಸಾರಿದವು. ವಂಚಕರ ಪರವಾಗಿ ವಾದಿಸದಂತೆ ಎಚ್ಚರಿಸಿದವು. ಕಳ್ಳತನವನ್ನು ಇಸ್ಲಾಮ್ ಘೋರ ಪಾಪವೆಂದು ಪರಿಗಣಿಸುತ್ತದೆ, ನಿಜ. ಆದರೆ ಪುರಾವೆಯಿಲ್ಲದೆ ನಿರಪರಾಧಿಯ ಮೇಲೆ ಅದನ್ನು ಹೊರಿಸುವುದೂ ಘೋರ ಪಾಪವೇ.

ವ್ಯಾಪಾರಿಗೆ ನಷ್ಟವಾಗುತ್ತದೆ ಎಂಬುದು ಸುಳ್ಳಲ್ಲ. ಅದಕ್ಕೆ ಪರಿಹಾರ ಕ್ಯಾಮರಾ, ಲೆಕ್ಕ, ದೂರು ಮತ್ತು ನ್ಯಾಯಾಲಯ, ಹೊಡೆತವಲ್ಲ. ವರ್ತಕರ ಸಂಘಗಳು ತಮ್ಮ ನೌಕರರಿಗೆ ಇದನ್ನು ಕಲಿಸಲಿ. ಜಮಾಅತ್‌ಗಳು ವಕೀಲರನ್ನು ಕರೆಸಿ ಮಹಿಳೆಯರಿಗೂ ವಿದ್ಯಾರ್ಥಿಗಳಿಗೂ ಈ ಹಕ್ಕುಗಳನ್ನು ತಿಳಿಸಲಿ. ಮಸೀದಿಯ ಮಿಂಬರಿನಿಂದ ಕಳ್ಳತನದ ವಿರುದ್ಧ ಮಾತನಾಡುವ ಖತೀಬರು ಸುಳ್ಳು ಆರೋಪದ ವಿರುದ್ಧವೂ ಅಷ್ಟೇ ಗಟ್ಟಿಯಾಗಿ ಮಾತನಾಡಲಿ. ಮಲ್ಪೆಯ ಮರದ ಸುತ್ತ ನಿಂತವರಲ್ಲಿ ಒಬ್ಬನಾದರೂ ಮುಂದೆ ಬಂದು ಹಗ್ಗ ಬಿಚ್ಚಬೇಕಿತ್ತು. ನಾಳೆ ನಮ್ಮೂರಿನಲ್ಲಿ ಅಂತಹ ಸನ್ನಿವೇಶ ಎದುರಾದರೆ, ಕಟ್ಟಿಹಾಕಲ್ಪಟ್ಟವರು ಯಾವ ಧರ್ಮದವರೆಂದು ಕೇಳದೆ ಹಗ್ಗ ಬಿಚ್ಚುವ ಮೊದಲ ಕೈ ನಮ್ಮದಾಗಬೇಕು.