ಹಿರಿಯರ ನಡಿಗೆಯನ್ನೂ ಅಳೆಯೋಣ

ಅರವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮಲ್ಲಿ ತಲೆತಲಾಂತರದಿಂದ ನಡೆದು ಬಂದಿದೆ. ಮನೆಯ ಹಿರಿಯರು ಕಾಲೆಳೆದು ನಡೆಯತೊಡಗಿದಾಗ, ಕೇಳಿದ ಮಾತಿಗೆ ತಡವಾಗಿ ಉತ್ತರಿಸಿದಾಗ, ಹಾಸಿಗೆ ಒದ್ದೆಯಾದಾಗ ನಾವು ಈ ಗಾದೆಯ ಆಸರೆ ಪಡೆದು ಸುಮ್ಮನಾಗುತ್ತೇವೆ. ಮುಪ್ಪು ದೇಹದ ಧರ್ಮವೆಂಬುದು ನಿಜ. ಆದರೆ ಮುಪ್ಪಿನ ಹೆಸರಿನಲ್ಲಿ ಅಡಗಿರುವ ಬೇನೆಗಳೆಲ್ಲ ಮುಪ್ಪಲ್ಲ. ಅವುಗಳಲ್ಲಿ ಕೆಲವಕ್ಕೆ ಚಿಕಿತ್ಸೆಯುಂಟು. ಅಂಥದೊಂದು ಬೇನೆಯತ್ತ ಸದ್ಭಕ್ತರ ಗಮನ ಸೆಳೆಯಬಯಸುತ್ತೇವೆ.

ಮಿದುಳಿನ ಒಳಗಿನ ಕುಹರಗಳಲ್ಲಿಯೂ ಮಿದುಳು ಮತ್ತು ಬೆನ್ನುಹುರಿಯ ಸುತ್ತಲೂ ತಿಳಿನೀರಿನಂಥ ದ್ರವವೊಂದು ಸದಾ ಸಂಚರಿಸುತ್ತಿರುತ್ತದೆ. ವಯಸ್ಕರ ದೇಹದಲ್ಲಿ ಒಂದು ಹೊತ್ತಿಗೆ ಇರುವ ಅದರ ಪ್ರಮಾಣ ಸುಮಾರು 150 ಮಿಲಿ ಲೀಟರ್. ದಿನವೊಂದಕ್ಕೆ ಸುಮಾರು 500 ಮಿಲಿ ಲೀಟರ್ ಹೊಸದಾಗಿ ಉತ್ಪತ್ತಿಯಾಗಿ, ಅಷ್ಟೇ ಪ್ರಮಾಣದಲ್ಲಿ ರಕ್ತಕ್ಕೆ ಮರಳಿ ಸೇರುತ್ತದೆ. ಈ ಹರಿವಿನಲ್ಲಿ ಏರುಪೇರಾದಾಗ ಕುಹರಗಳು ನಿಧಾನವಾಗಿ ಹಿಗ್ಗುತ್ತವೆ. ಆದರೂ ಸೂಜಿ ಚುಚ್ಚಿ ಅಳೆದರೆ ದ್ರವದ ಒತ್ತಡ ಸಹಜ ಮಟ್ಟದಲ್ಲಿಯೇ ಕಂಡುಬರುತ್ತದೆ. ಆದ್ದರಿಂದಲೇ ವೈದ್ಯರು ಇದನ್ನು ನಾರ್ಮಲ್ ಪ್ರೆಶರ್ ಹೈಡ್ರೋಸೆಫಲಸ್ ಎಂದು ಕರೆಯುತ್ತಾರೆ. ಕೊಲಂಬಿಯಾ ದೇಶದ ನರಶಸ್ತ್ರವೈದ್ಯ ಸಾಲೊಮೊನ್ ಹಾಕಿಂ ಅವರು 1965ರಲ್ಲಿ ತಮ್ಮ ಸಹವೈದ್ಯರೊಡನೆ ಇದನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ಸಾಮಾನ್ಯವಾಗಿ 60 ವರ್ಷ ದಾಟಿದವರಲ್ಲಿ ಇದು ಕಾಣಿಸಿಕೊಳ್ಳುತ್ತದೆ.

ಇದರ ಲಕ್ಷಣಗಳು ಮುಖ್ಯವಾಗಿ ಮೂರು. ಬಹುತೇಕರಲ್ಲಿ ಮೊದಲು ಕೆಡುವುದು ನಡಿಗೆ. ಪಾದಗಳು ನೆಲಕ್ಕೆ ಅಂಟಿಕೊಂಡಂತೆ ಭಾಸವಾಗುತ್ತವೆ. ಕಾಲುಗಳ ನಡುವಿನ ಅಂತರ ಹೆಚ್ಚುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ, ಹಿಂದಿರುಗಿ ನಿಲ್ಲಲು ನಾಲ್ಕಾರು ಹೆಜ್ಜೆ ಬೇಕಾಗುತ್ತದೆ. ಎರಡನೆಯದು ಮೂತ್ರದ ಅವಸರ. ಮುಂದೆ ಅದು ಹಿಡಿತ ತಪ್ಪುವವರೆಗೂ ಬೆಳೆಯಬಹುದು. ಮೂರನೆಯದು ಬುದ್ಧಿಯ ಮಂದತೆ. ಇಲ್ಲಿ ಮರೆವಿಗಿಂತ ನಿಧಾನವೂ ನಿರಾಸಕ್ತಿಯೂ ಎದ್ದು ಕಾಣುತ್ತವೆ. ಮೂರೂ ಒಟ್ಟಿಗೆ ಇರಲೇಬೇಕೆಂದಿಲ್ಲ. ಆರಂಭದಲ್ಲಿ ನಡಿಗೆಯೊಂದೇ ಕೆಟ್ಟಿರಬಹುದು.

ತೊಡಕು ಹುಟ್ಟುವುದು ಇಲ್ಲಿಯೇ. ನಡಿಗೆ ಕೆಟ್ಟರೆ ಮೊಣಕಾಲಿನ ಸವೆತವೆಂದು ಎಲುಬಿನ ವೈದ್ಯರಲ್ಲಿಗೆ ಹೋಗುತ್ತೇವೆ. ಮೂತ್ರದ ತೊಂದರೆಯನ್ನು ಪ್ರಾಸ್ಟೇಟ್ ಗ್ರಂಥಿಗೋ ಸಕ್ಕರೆ ಕಾಯಿಲೆಗೋ ಹೊರಿಸುತ್ತೇವೆ. ಹೆಣ್ಣುಮಕ್ಕಳಂತೂ ನಾಚಿಕೆಯಿಂದ ಅದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಮಂಕುತನವನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುತ್ತೇವೆ. ಹೀಗೆ ಒಂದೇ ಬೇನೆ ಮೂರು ಚೀಟಿಗಳಲ್ಲಿ ಹಂಚಿಹೋಗುತ್ತದೆ. ಮೂರನ್ನೂ ಕೂಡಿಸಿ ನೋಡುವವರು ಇಲ್ಲವಾಗುತ್ತಾರೆ. ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಿಂದ ಹಿರಿಯರನ್ನು ಕರೆದುಕೊಂಡು ವಿಜಯಪುರದ ಸೊಲ್ಲಾಪುರ ರಸ್ತೆಗೆ ಬರುವ ಕುಟುಂಬಗಳು ಮೂರು ಸಂಗತಿಗಳನ್ನೂ ಒಬ್ಬರೇ ವೈದ್ಯರ ಮುಂದೆ, ಒಂದೇ ಉಸಿರಿನಲ್ಲಿ ಹೇಳಬೇಕು. ನಿದಾನದ ಅರ್ಧ ಕೆಲಸ ಅಲ್ಲಿಯೇ ಆಗುತ್ತದೆ.

ಉಳಿದರ್ಧ ತಜ್ಞರದು. ಸಿಟಿ ಅಥವಾ ಎಂಆರ್‌ಐ ಚಿತ್ರದಲ್ಲಿ ಕುಹರಗಳು ಹಿಗ್ಗಿರುವುದು ಗೊತ್ತಾಗುತ್ತದೆ. ಕುಹರಗಳ ಮುಂಭಾಗದ ಅಗಲವನ್ನು ತಲೆಬುರುಡೆಯ ಒಳ ಅಗಲದಿಂದ ಭಾಗಿಸಿದಾಗ ಬರುವ ಸಂಖ್ಯೆ 0.3ಕ್ಕಿಂತ ಹೆಚ್ಚಿದ್ದರೆ ಸಂಶಯಕ್ಕೆ ಆಸ್ಪದವುಂಟು. ಆದರೆ ಚಿತ್ರವೊಂದನ್ನೇ ನಂಬಲಾಗದು. ವಯಸ್ಸಿನಿಂದಲೋ ಅಲ್ಜೈಮರ್ ಬೇನೆಯಿಂದಲೋ ಮಿದುಳು ಕುಗ್ಗಿದಾಗಲೂ ಕುಹರಗಳು ದೊಡ್ಡದಾಗಿ ಕಾಣುತ್ತವೆ. ಆದ್ದರಿಂದ ಸೊಂಟದ ಭಾಗದಲ್ಲಿ ಸೂಜಿ ಹಾಕಿ 30ರಿಂದ 50 ಮಿಲಿ ಲೀಟರ್ ದ್ರವ ತೆಗೆದು, ಅದಕ್ಕೆ ಮೊದಲು ಮತ್ತು ಅನಂತರ ನಡಿಗೆಯನ್ನು ಗಡಿಯಾರ ಹಿಡಿದು ಅಳೆಯುತ್ತಾರೆ. ನಡಿಗೆ ಸ್ಪಷ್ಟವಾಗಿ ಸುಧಾರಿಸಿದರೆ ಶಸ್ತ್ರಚಿಕಿತ್ಸೆಯಿಂದ ಗುಣ ಕಾಣುವ ನಿರೀಕ್ಷೆ ಬಲವಾಗುತ್ತದೆ. ಸುಧಾರಿಸದಿದ್ದರೆ ಬೇನೆ ಇಲ್ಲವೇ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಮತ್ತಷ್ಟು ಪರೀಕ್ಷೆ ಬೇಕಾಗಬಹುದು. ರಕ್ತ ತೆಳುವಾಗಿಸುವ ಗುಳಿಗೆ ಸೇವಿಸುತ್ತಿರುವವರು ಅದನ್ನು ಸೂಜಿ ಹಾಕುವ ಮೊದಲೇ ತಿಳಿಸಬೇಕು.

ಚಿಕಿತ್ಸೆಗೆ ಷಂಟ್ ಎಂದು ಹೆಸರು. ಮಿದುಳಿನ ಕುಹರದಿಂದ ಚರ್ಮದ ಅಡಿಯಲ್ಲಿ ಸಣ್ಣ ಕೊಳವೆಯೊಂದನ್ನು ಹಾಯಿಸಿ ಹೊಟ್ಟೆಯೊಳಕ್ಕೆ ಬಿಡುತ್ತಾರೆ. ನಡುವಿನ ಕವಾಟವು ಹರಿವನ್ನು ನಿಯಂತ್ರಿಸುತ್ತದೆ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 99 ರೋಗಿಗಳಿಗೆ ಷಂಟ್ ಅಳವಡಿಸಿ, ಕೆಲವರಲ್ಲಿ ಕವಾಟವನ್ನು ತೆರೆದು, ಉಳಿದವರಲ್ಲಿ ಮುಚ್ಚಿದಂತೆಯೇ ಇಟ್ಟು ಹೋಲಿಸಿದರು. ಮೂರು ತಿಂಗಳಲ್ಲಿ ಕವಾಟ ತೆರೆದವರ ನಡಿಗೆಯ ವೇಗ ಹೆಚ್ಚಿತು. ನೆನಪಿನ ಶಕ್ತಿಯಲ್ಲಿ ಅಂಥ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ತಲೆನೋವು ಮತ್ತು ಮಿದುಳಿನ ಹೊದಿಕೆಯಡಿಯ ರಕ್ತಸ್ರಾವ ಮಾತ್ರ ತೆರೆದವರಲ್ಲಿಯೇ ಹೆಚ್ಚಿದ್ದವು. ಸೋಂಕು ತಗಲುವ, ಕೊಳವೆ ಕಟ್ಟಿಕೊಳ್ಳುವ ಅಪಾಯವೂ ಉಂಟು. ಆದುದರಿಂದ ಇದು ಸಂಜೀವಿನಿಯೂ ಅಲ್ಲ, ಹೆದರಿ ದೂರವಿಡಬೇಕಾದ ಸಂಗತಿಯೂ ಅಲ್ಲ. ಹೆಚ್ಚು ಗುಣ ಕಾಣುವುದು ನಡಿಗೆಯಲ್ಲಿ, ಕಡಿಮೆ ಕಾಣುವುದು ನೆನಪಿನಲ್ಲಿ. ತಡಮಾಡಿದಷ್ಟೂ ಫಲ ಕುಗ್ಗುತ್ತದೆ. ಈ ನಾಲ್ಕು ಮಾತುಗಳನ್ನು ಮನೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ ತಿಳಿದಿರಬೇಕು. ನಡಿಗೆಯನ್ನು ಅಳೆಯದೆ, ಚಿತ್ರವೊಂದನ್ನೇ ಮುಂದಿಟ್ಟು ಶಸ್ತ್ರಚಿಕಿತ್ಸೆಗೆ ಅವಸರ ಮಾಡಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಒಳಿತು. ಹೊಲ ಒತ್ತೆಯಿಡುವ ಮಾತಿಗೆ ಮುನ್ನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ದೊರೆಯುವುದೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಬೇಕು. ಬಿಪಿಎಲ್ ಕುಟುಂಬಗಳಿಗೆ ಈ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಅವಕಾಶವಿದೆ.

ಇನ್ನು ನಮ್ಮ ಮುಖ್ಯ ವಿಚಾರಕ್ಕೆ ಬರೋಣ. ಮಠಗಳಲ್ಲಿ, ಜಾತ್ರೆಗಳಲ್ಲಿ ಆರೋಗ್ಯ ತಪಾಸಣಾ ಶಿಬಿರಗಳು ನಡೆಯುತ್ತಿರುವುದು ಸಂತೋಷದ ಸಂಗತಿ. ಅಲ್ಲಿ ರಕ್ತದೊತ್ತಡ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ, ಕಣ್ಣು ನೋಡುತ್ತಾರೆ. ನಡೆಸಿ ನೋಡುವುದು ಅಪರೂಪ. 60 ದಾಟಿದ ಪ್ರತಿಯೊಬ್ಬರನ್ನೂ 10 ಮೀಟರ್ ನಡೆಸಿ, ಹಿಡಿದ ಸಮಯ ಮತ್ತು ಹೆಜ್ಜೆಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆಯುವ ಪದ್ಧತಿ ಶಿಬಿರಗಳಲ್ಲಿ ಬರಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಇದಕ್ಕೆ ಬೇಕಾದುದು ಒಂದು ಗಡಿಯಾರ, ನೆಲದ ಮೇಲೆ ಸುಣ್ಣದ ಎರಡು ಗೆರೆ, ಮತ್ತು ಆಯತಪ್ಪಿದರೆ ಹಿಡಿಯಲು ಪಕ್ಕದಲ್ಲೊಬ್ಬರು. ಡಾ. ಫ.ಗು. ಹಳಕಟ್ಟಿಯವರು 1910ರಲ್ಲಿ ಕಟ್ಟಿದ ಬಿಎಲ್‌ಡಿಇ ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯವು 1986ರಿಂದ ನಮ್ಮ ಊರಿನಲ್ಲಿದೆ, ಅದೂ ಇದೇ ಸೊಲ್ಲಾಪುರ ರಸ್ತೆಯಲ್ಲಿ. ಇಂಥ ವಿದ್ಯಾಲಯಗಳ ವಿದ್ಯಾರ್ಥಿಗಳು ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಈ ಸೇವೆಗೆ ನಿಂತರೆ ಅದು ಅವರಿಗೆ ಪಾಠವೂ ಹೌದು, ಹಿರಿಯರಿಗೆ ದಾಸೋಹವೂ ಹೌದು.

ನಿಧಾನವಾಗಿ ನಡೆಯುವವರಿಗೆಲ್ಲ ಈ ಬೇನೆಯಿದೆಯೆಂದು ಜನ ಗಾಬರಿಯಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ನಡಿಗೆ ಕೆಟ್ಟವರಲ್ಲಿ ಹೆಚ್ಚಿನವರಿಗೆ ಈ ಬೇನೆ ಇರುವುದಿಲ್ಲ, ನಿಜ. ಆದರೆ ಅವರಲ್ಲಿ ಕೆಲವರಿಗೆ ಬಿ12 ಜೀವಸತ್ವದ ಕೊರತೆ, ಕೆಲವರಿಗೆ ಕತ್ತಿನ ಬಳಿ ಬೆನ್ನುಹುರಿಯ ಒತ್ತಡ, ಕೆಲವರಿಗೆ ಪಾರ್ಕಿನ್ಸನ್ ಬೇನೆ, ಕೆಲವರಿಗೆ ಸಕ್ಕರೆ ಕಾಯಿಲೆಯಿಂದ ನರಗಳ ದೌರ್ಬಲ್ಯ ಇರಬಹುದು. ಇವೆಲ್ಲಕ್ಕೂ ಆರೈಕೆಯುಂಟು. ಅಳೆದ ಶ್ರಮ ಯಾವ ರೀತಿಯಲ್ಲೂ ವ್ಯರ್ಥವಾಗದು.

ಕಾಯಕವೇ ಕೈಲಾಸವೆಂದು ನಂಬಿ ದುಡಿದ ಜೀವಗಳು ಕೊನೆಗಾಲದಲ್ಲಿ ನಾಲ್ಕು ಹೆಜ್ಜೆ ನಡೆದು ಪೂಜೆಗೆ ಕೂಡುವಂತಾದರೆ, ಯಾರ ನೆರವೂ ಇಲ್ಲದೆ ಬಚ್ಚಲಿಗೆ ಹೋಗಿಬರುವಂತಾದರೆ, ಅದು ಅವರ ಪಾಲಿಗೆ ದೊಡ್ಡ ಮಾನ. ಆ ಮಾನವನ್ನು ಗಾದೆಯೊಂದಕ್ಕೆ ಒಪ್ಪಿಸಿಬಿಡುವ ಮೊದಲು ಅವರನ್ನು ಅಂಗಳದಲ್ಲಿ ಒಮ್ಮೆ ನಡೆಸಿ ನೋಡೋಣ.