ಮಳೆ ಕಳೆದ ಮೇಲಿನ ಎರಡು ತಿಂಗಳು: ಗೀಸರ್, ಏ.ಸಿ. ಮತ್ತು ಮಂಗಳೂರಿನ ವರ್ತಕ

ನರಕ ಚತುರ್ದಶಿಯ ಮುನ್ನಾದಿನ ಸಂಜೆ ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಿಸೆಹುಳಿ ಹಾಕಿ ತಿಕ್ಕಿ ಬೆಳಗಿ, ಒಲೆಯ ಹಳೆಯ ಬೂದಿಯನ್ನು ತೆಗೆದು, ಹಂಡೆಗೆ ಶೇಡಿಯ ಗೆರೆಗಳನ್ನೆಳೆದು, ಕೊರಳಿಗೆ ಬಳ್ಳಿ ಸುತ್ತಿ, ಬಾವಿಯ ಹೊಸ ನೀರು ತುಂಬುವ ಪದ್ಧತಿ ಕರಾವಳಿಯ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ನೀರು ತುಂಬುವ ಹಬ್ಬವೆಂದೇ ಅದಕ್ಕೆ ಹೆಸರು. ಅದರ ಧಾರ್ಮಿಕ ಅರ್ಥ ಏನೇ ಇರಲಿ, ವ್ಯವಹಾರದ ಕಣ್ಣಿನಿಂದ ನೋಡಿದರೆ ಮನೆಯ ನೀರು ಕಾಯಿಸುವ ಸಲಕರಣೆಗೆ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಕಡ್ಡಾಯ ತಪಾಸಣೆ ಅದು. ನಾಲ್ಕು ತಿಂಗಳ ಮಳೆಯ ನಂತರ, ಚಳಿ ಹೆಜ್ಜೆಯಿಡುವ ಮೊದಲು, ಹಂಡೆಯಲ್ಲಿ ತೂತು ಬಿದ್ದಿದೆಯೇ, ಒಲೆಯ ಕಲ್ಲು ಸಡಿಲವಾಗಿದೆಯೇ ಎಂಬುದು ಆ ಸಂಜೆ ತಾನಾಗಿ ತಿಳಿಯುತ್ತಿತ್ತು. ಅದೇ ದಿನಗಳಲ್ಲಿ ವರ್ತಕರು ಅಂಗಡಿ ಪೂಜೆ ಮುಗಿಸಿ ಹೊಸ ಲೆಕ್ಕದ ಪುಸ್ತಕ ತೆರೆಯುತ್ತಿದ್ದರು.

ಈಗ ನಗರದ ಬಹುಪಾಲು ಮನೆಗಳಲ್ಲಿ ಹಂಡೆಯ ಜಾಗಕ್ಕೆ ಗೀಸರ್ ಬಂದಿದೆ, ಮಲಗುವ ಕೋಣೆಗೆ ಏ.ಸಿ. ಬಂದಿದೆ. ಆದರೆ ಗೀಸರಿಗೆ ಹಬ್ಬವಿಲ್ಲ. ಗೋಡೆಗೆ ತೂಗುಹಾಕಿದ ದಿನದಿಂದ ಸೋರಿ ಹಾಳಾಗುವ ದಿನದವರೆಗೆ ಅದರ ಮುಚ್ಚಳವನ್ನು ಯಾರೂ ತೆರೆಯುವುದಿಲ್ಲ. ಈ ಅಸಡ್ಡೆಗೆ ಗ್ರಾಹಕನನ್ನೇ ದೂರುವುದು ವ್ಯಾಪಾರಿ ವಲಯದ ರೂಢಿ. ವಾಸ್ತವದಲ್ಲಿ ತಪ್ಪಿನ ದೊಡ್ಡ ಪಾಲು ಮಾರಾಟ ಮಾಡಿದವರದು ಎಂಬುದನ್ನು ಒಪ್ಪಿಕೊಳ್ಳಬೇಕಾಗಿದೆ.

ಮೊದಲನೆಯ ತೊಡಕು ಕ್ಯಾಲೆಂಡರಿನದು. ಗೃಹಬಳಕೆಯ ಉಪಕರಣಗಳ ಜಾಹೀರಾತು, ರಿಯಾಯಿತಿ ಯೋಜನೆ, ಸರ್ವಿಸ್ ಸೂಚನೆಗಳೆಲ್ಲ ದಿಲ್ಲಿ, ಲಕ್ನೋ, ಚಂಡೀಗಢಗಳ ಹವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಳ್ಳುತ್ತವೆ. ಅಲ್ಲಿ ಚಳಿಗಾಲವೆಂದರೆ ಏ.ಸಿ.ಗೆ ಹೊದಿಕೆ ಹಾಕಿ ಮಲಗಿಸುವ ಕಾಲ, ರೂಮ್ ಹೀಟರ್ ಹೊರತೆಗೆಯುವ ಕಾಲ. ಮಂಗಳೂರಿನಲ್ಲಿ ಜನವರಿಯ ಮುಂಜಾನೆಯೂ ಸಾಮಾನ್ಯವಾಗಿ 20-21 ಡಿಗ್ರಿಗಿಂತ ಹೆಚ್ಚು ಕೆಳಗಿಳಿಯುವುದಿಲ್ಲ. ಹಗಲಿನಲ್ಲಿ 32-33 ಡಿಗ್ರಿ ಬಿಸಿಲಿರುತ್ತದೆ. ಘಟ್ಟದ ಮೇಲಿನ ಮಡಿಕೇರಿ, ಚಿಕ್ಕಮಗಳೂರುಗಳ ಗಿರಾಕಿಗಳು ಇಲ್ಲದಿದ್ದರೆ ರೂಮ್ ಹೀಟರ್ ಇಲ್ಲಿನ ಅಂಗಡಿಗಳಲ್ಲಿ ಧೂಳು ತಿನ್ನುತ್ತಾ ಕೂರಬೇಕಾದ ಸರಕು. ಇಲ್ಲಿನ ಏ.ಸಿ.ಗೆ ಚಳಿಗಾಲದ ನಿದ್ದೆಯೇ ಇಲ್ಲ. ಅದರ ವಿಶ್ರಾಂತಿ ಏನಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಯಂತ್ರಗಳು ಕೆಡುವುದು ಬಳಸಿದಾಗಲ್ಲ, ಬಳಸದೆ ಬಿಟ್ಟಾಗ.

ಕೆಡುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಏ.ಸಿ.ಯ ಔಟ್‌ಡೋರ್ ಯುನಿಟ್‌ನಲ್ಲಿ ತಾಮ್ರದ ಕೊಳವೆಗಳ ಸುತ್ತ ಅಲ್ಯೂಮಿನಿಯಂ ಎಲೆಗಳನ್ನು ಬಿಗಿದಿರುತ್ತಾರೆ. ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿರುವಲ್ಲಿ ಉಪ್ಪು ಬೆರೆತ ತೇವ ಕುಳಿತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ಪಣಂಬೂರು, ಸುರತ್ಕಲ್, ಉಳ್ಳಾಲದ ಕಡಲ ಬದಿಯ ಮನೆಗಳಲ್ಲಿ ಇದನ್ನು ಕಾಣದ ಮೆಕ್ಯಾನಿಕ್ ಇರಲಾರ. ಮಳೆಯೇ ಉಪ್ಪನ್ನು ತೊಳೆಯುವುದಿಲ್ಲವೇ ಎಂದು ಕೇಳುವವರುಂಟು. ತೆರೆದ ಜಾಗದಲ್ಲಿರುವ ಯುನಿಟ್ ಮಟ್ಟಿಗೆ ಆ ಮಾತು ನಿಜ. ಆದರೆ ಮಳೆಯಿಂದ ಕಾಪಾಡಬೇಕೆಂದು ಸಜ್ಜಾದ ಕೆಳಗೆ, ಬಾಲ್ಕನಿಯ ಮೂಲೆಯಲ್ಲಿ ಇಟ್ಟ ಯುನಿಟ್‌ಗೆ ಪಡುವಣ ಗಾಳಿಯ ಉಪ್ಪು ತಲುಪುತ್ತದೆ, ತೊಳೆಯುವ ನೀರು ತಲುಪುವುದಿಲ್ಲ. ಹೆಚ್ಚು ಜೋಪಾನ ಮಾಡಿದ್ದೇ ಬೇಗ ಕೆಡುತ್ತದೆ. ಉತ್ತರದವರನ್ನು ನೋಡಿ ಪ್ಲಾಸ್ಟಿಕ್ ಹೊದಿಕೆ ಬಿಗಿದರಂತೂ ತೇವವನ್ನು ಒಳಗೇ ಕಟ್ಟಿಹಾಕಿದಂತೆ. ಅಕ್ಟೋಬರ್ ಮುಗಿಯುತ್ತಿದ್ದಂತೆ ಸಿಹಿನೀರಿನಿಂದ ಯುನಿಟ್ ತೊಳೆಯುವುದು, ಒಳಗಿನ ಫಿಲ್ಟರ್ ಮತ್ತು ಬ್ಲೋವರಿನ ಬೂಷ್ಟು ತೆಗೆಯುವುದು, ಸರ್ಕ್ಯೂಟ್ ಬೋರ್ಡಿನ ಮೇಲೆ ಇರುವೆ, ಹಲ್ಲಿಗಳು ಸಂಸಾರ ಹೂಡಿವೆಯೇ ಎಂದು ನೋಡುವುದು, ಇಷ್ಟೇ ಕೆಲಸ. ಅರ್ಧ ದಿನವೂ ಹಿಡಿಯುವುದಿಲ್ಲ.

ಇದನ್ನು ಮಾಡದೆ ಮಾರ್ಚ್‌ವರೆಗೆ ಕಾದರೆ ಆಗುವುದೇನೆಂಬುದು ಎಲ್ಲರಿಗೂ ಗೊತ್ತಿದೆ. ತಂಪು ಸಾಲದೆಂದು ದೂರು ಬರುತ್ತದೆ, ಮೆಕ್ಯಾನಿಕ್ ಬಂದು ಗ್ಯಾಸ್ ತುಂಬಿಸಿ ಹಣ ಪಡೆದು ಹೋಗುತ್ತಾನೆ, ಮುಂದಿನ ವರ್ಷ ಮತ್ತದೇ ಕಥೆ. ಏ.ಸಿ.ಯ ಗ್ಯಾಸ್ ಅಡುಗೆ ಅನಿಲದಂತೆ ಉರಿದು ಮುಗಿಯುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುವಂಥದ್ದು. ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆಯೆಂದೇ ಅರ್ಥ. ಸೋರುವ ಜಾಗವನ್ನು ಹುಡುಕದೆ ಗ್ಯಾಸ್ ಮಾರುವುದು ತೂತು ಕೊಡಕ್ಕೆ ನೀರು ಮಾರಿದಂತಾಗುತ್ತದೆ. ಹಳೆಯ ಆರ್-22ರ ಬದಲಿಗೆ ಈಗ ಹೆಚ್ಚಾಗಿ ಬಳಕೆಯಲ್ಲಿರುವ ಆರ್-32 ಸೌಮ್ಯವಾಗಿಯಾದರೂ ಉರಿಯಬಲ್ಲ ಅನಿಲವಾದುದರಿಂದ ಅಂದಾಜಿನ ಕೆಲಸ ಈಗ ಅಪಾಯದ ಕೆಲಸವೂ ಹೌದು.

ಗೀಸರಿನ ವಿಷಯದಲ್ಲಿ ಕಂಪೆನಿಯ ಕೈಪಿಡಿ ಇನ್ನಷ್ಟು ದಾರಿ ತಪ್ಪಿಸುತ್ತದೆ. ಬಯಲುಸೀಮೆಯ ಕೊಳವೆಬಾವಿಗಳ ನೀರು ಗಡಸು. ಅಲ್ಲಿ ಎಲಿಮೆಂಟಿನ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ಅದನ್ನು ಕೆರೆದು ತೆಗೆಯುವುದೇ ಮುಖ್ಯ ಸೇವೆ. ಮಂಗಳೂರಿನ ಮುರಕಲ್ಲು ನೆಲದ ಬಾವಿಗಳ ನೀರು ಅದಕ್ಕೆ ತದ್ವಿರುದ್ಧ. ಅದು ಮೆದು ನೀರು, ತುಸು ಆಮ್ಲಗುಣದ್ದು, ಕೆಲವೆಡೆ ಕಬ್ಬಿಣದ ಅಂಶವೂ ಉಂಟು. ಇಂಥ ನೀರು ಸುಣ್ಣ ಕಟ್ಟುವ ಬದಲು ಲೋಹವನ್ನು ತಿನ್ನುತ್ತದೆ. ಟ್ಯಾಂಕನ್ನು ಉಳಿಸಲೆಂದೇ ಒಳಗೆ ಮೆಗ್ನೀಸಿಯಂ ಸರಳೊಂದನ್ನು ಇಟ್ಟಿರುತ್ತಾರೆ. ಟ್ಯಾಂಕಿನ ಬದಲಿಗೆ ತಾನು ಸವೆಯುವುದೇ ಅದರ ಕೆಲಸ. ಸರಳು ಪೂರ್ತಿ ಸವೆದ ಮರುದಿನದಿಂದ ಟ್ಯಾಂಕಿನ ಸರದಿ ಆರಂಭ. ಕೆಲವು ನೂರು ರೂಪಾಯಿಗಳ ಈ ಸರಳನ್ನು ಬದಲಿಸದ ಕಾರಣಕ್ಕೆ ಹಲವು ಸಾವಿರದ ಗೀಸರ್ ಗುಜರಿಗೆ ಹೋಗುತ್ತಿದೆ. ನಗರದ ಎಷ್ಟು ಅಂಗಡಿಗಳಲ್ಲಿ ಈ ಸರಳು ದಾಸ್ತಾನಿದೆ, ಎಷ್ಟು ಮಾರಾಟಗಾರರು ಅದರ ಹೆಸರನ್ನಾದರೂ ಗ್ರಾಹಕನಿಗೆ ಹೇಳಿದ್ದಾರೆ ಎಂದು ಪ್ರತಿಯೊಬ್ಬ ವರ್ತಕನೂ ತನ್ನ ಅಂಗಡಿಯ ಮಟ್ಟಿಗೆ ಪರಿಶೀಲಿಸಿಕೊಳ್ಳುವುದು ಒಳಿತು. ತುಂಬೆಯಿಂದ ಬರುವ ನೇತ್ರಾವತಿಯ ಶುದ್ಧೀಕರಿಸಿದ ನೀರನ್ನೇ ಬಳಸುವ ಮನೆಗಳಲ್ಲಿ ಸರಳು ಹೆಚ್ಚು ಕಾಲ ಬಾಳಬಹುದು. ಆದರೆ ಬಾವಿ, ನಳ್ಳಿ ಎರಡನ್ನೂ ಒಂದೇ ಟಾಂಕಿಗೆ ಬಿಡುವ ಮನೆಗಳೇನೂ ಕಡಿಮೆಯಿಲ್ಲ.

ಅರ್ಥಿಂಗ್ ವಿಚಾರ ಇದಕ್ಕಿಂತ ಗಂಭೀರವಾದುದು. ಮಳೆಗಾಲದಲ್ಲಿ ನೆನೆದು ಚೆನ್ನಾಗಿ ಕೆಲಸ ಮಾಡುವ ಅರ್ಥಿಂಗ್ ಗುಂಡಿ, ಡಿಸೆಂಬರಿನ ಒಣ ಗಾಳಿಗೆ ಮುರಕಲ್ಲಿನ ನೆಲದಲ್ಲಿ ಒಣಗಿ ದುರ್ಬಲವಾಗುತ್ತದೆ. ಬಿಸಿನೀರಿನ ಬಳಕೆ ಹೆಚ್ಚುವುದು ಅದೇ ತಿಂಗಳಲ್ಲಿ. ಗುಂಡಿಗೆ ನೀರು ಹೊಯ್ಯುವ ಹಳೆಯ ಅಭ್ಯಾಸ ಫ್ಲ್ಯಾಟ್‌ಗಳಲ್ಲಿ ಯಾರ ಜವಾಬ್ದಾರಿಯೂ ಅಲ್ಲವಾಗಿದೆ. ಮೂವತ್ತು ಮಿಲಿಆಂಪಿಯರ್ ಸೋರಿಕೆಗೆ ವಿದ್ಯುತ್ ಕಡಿಯುವ ಬ್ರೇಕರ್ ಇದ್ದರೂ, ಅದರ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡಿದವರು ವಿರಳ. ಗ್ಯಾಸ್ ಗೀಸರನ್ನು ಕಿಟಕಿಯಿಲ್ಲದ ಬಚ್ಚಲಿನೊಳಗೆ ಜೋಡಿಸಿಕೊಡುವವರ ಬಗೆಗಂತೂ ಚರ್ಚೆಯೇ ಬೇಡ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡಿನಿಂದ ಸ್ನಾನಕ್ಕೆ ಹೋದವರು ಶವವಾಗಿ ಹೊರಬಂದ ಪ್ರಕರಣಗಳು ರಾಜ್ಯದಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಅಂಥ ಜೋಡಣೆಗೆ ಒಪ್ಪುವುದಿಲ್ಲವೆಂದು ಅಂಗಡಿಯವನೇ ಹೇಳಬೇಕು. ಒಂದು ಮಾರಾಟ ತಪ್ಪಿದರೆ ತಪ್ಪಲಿ.

ಮಂಗಳೂರಿಗೇ ವಿಶಿಷ್ಟವಾದ ಇನ್ನೊಂದು ಸಂಗತಿಯಿದೆ. ಯಜಮಾನರು ಕೊಲ್ಲಿ ರಾಷ್ಟ್ರಗಳಲ್ಲೋ ಮುಂಬಯಿಯಲ್ಲೋ ಇದ್ದು, ವರ್ಷದ ಬಹುಕಾಲ ಬೀಗ ಹಾಕಿದ ಮನೆಗಳು ಇಲ್ಲಿ ಹೇರಳ. ಕ್ರಿಸ್ಮಸ್ ಹಾಗೂ ಮದುವೆಗಳ ನಿಮಿತ್ತ ಡಿಸೆಂಬರಿನಲ್ಲಿ ಅವು ತೆರೆದುಕೊಳ್ಳುತ್ತವೆ. ರಾತ್ರಿ ವಿಮಾನವಿಳಿದು ಬಂದವರು ಬೆಳಿಗ್ಗೆ ಗೀಸರಿನ ಸ್ವಿಚ್ ಒತ್ತುತ್ತಾರೆ. ಟ್ಯಾಂಕಿನಲ್ಲಿ ನೀರಿಲ್ಲದಿದ್ದರೆ ಎಲಿಮೆಂಟ್ ಸುಡುತ್ತದೆ, ನೀರಿದ್ದರೆ ಅದು ತಿಂಗಳುಗಟ್ಟಲೆ ನಿಂತು ಕೆಟ್ಟ ನೀರು. ಈ ಮನೆಗಳನ್ನು ನವೆಂಬರಿನಲ್ಲೇ ತೆರೆದು ಸಿದ್ಧಪಡಿಸಿಡುವ ಸೇವೆಗೆ ಮುಂಗಡ ಹಣ ಕಳುಹಿಸಲು ಸಿದ್ಧರಿರುವ ಗ್ರಾಹಕರಿದ್ದಾರೆ. ಅದನ್ನು ಕ್ರಮಬದ್ಧವಾಗಿ ಒದಗಿಸುವವರು ಬೆರಳೆಣಿಕೆಯಷ್ಟು.

ಇದೆಲ್ಲ ಮನೆವಾರ್ತೆಯ ಮಾತಾಯಿತು, ವ್ಯಾಪಾರಕ್ಕೇನು ಲಾಭ ಎಂಬ ಪ್ರಶ್ನೆ ಸಹಜ. 2025ರ ಸೆಪ್ಟೆಂಬರ್ 22ರಿಂದ ಏ.ಸಿ. ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಬೆಲೆ ಇಳಿದಾಗ ಮಾರಾಟ ಏರುವುದು ನಿಜ. ಆದರೆ ಆ ಮಾರಾಟದಲ್ಲಿ ಎಷ್ಟು ಭಾಗ ಹಂಪನಕಟ್ಟೆ, ಕಂಕನಾಡಿಯ ಅಂಗಡಿಗಳಿಗೆ ಸಿಕ್ಕೀತು, ಎಷ್ಟು ಅಂತರ್ಜಾಲದ ಮಾರಾಟಗಾರರಿಗೂ ಸರಣಿ ಮಳಿಗೆಗಳಿಗೂ ಹೋದೀತು ಎಂಬುದು ಬೇರೆ ಲೆಕ್ಕ. ಬೆಲೆಯ ಪೈಪೋಟಿಯಲ್ಲಿ ಸ್ಥಳೀಯ ವರ್ತಕ ಗೆಲ್ಲಲಾರ. ದೂರದ ಗೋದಾಮಿನಿಂದ ಬರುವ ಪೆಟ್ಟಿಗೆಯ ಜೊತೆಗೆ ಇಲ್ಲಿನ ನೀರು, ಉಪ್ಪು, ಮುರಕಲ್ಲುಗಳ ತಿಳಿವಳಿಕೆ ಬರುವುದಿಲ್ಲ. ಅವನಿಗೆ ಉಳಿದಿರುವ ಬಂಡವಾಳ ಅದೊಂದೇ. ಇಂದಿನ ಸ್ಥಿತಿಯಲ್ಲಿ ಅವನು ಮಾರ್ಚ್, ಏಪ್ರಿಲ್‌ಗಳಲ್ಲಿ ಕೈಗೆ ಸಿಕ್ಕ ಹುಡುಗರನ್ನು ಮೆಕ್ಯಾನಿಕ್ಕುಗಳೆಂದು ಕಳುಹಿಸಿ ಹೆಸರು ಕೆಡಿಸಿಕೊಳ್ಳುತ್ತಾನೆ. ಮಳೆಗಾಲದಲ್ಲಿ ನುರಿತವರಿಗೂ ಕೆಲಸ ಕೊಡಲಾಗದೆ ಅವರು ಕೊಲ್ಲಿಗೆ ಹೊರಟುಹೋಗುತ್ತಾರೆ. ಐಟಿಐಗಳಲ್ಲಿ ಎರಡು ವರ್ಷ ಈ ವಿದ್ಯೆ ಕಲಿತವನಿಗೆ ವರ್ಷದಲ್ಲಿ ಮೂರೇ ತಿಂಗಳ ದುಡಿಮೆ ಎಂದರೆ ಅವನು ಊರಲ್ಲಿ ನಿಲ್ಲುವುದಾದರೂ ಹೇಗೆ? ದೀಪಾವಳಿಯಿಂದ ಕ್ರಿಸ್ಮಸ್‌ವರೆಗಿನ ಅವಧಿಗೆ ಕೆಲಸದ ಒಂದು ಭಾಗವನ್ನು ಸರಿಸಿದರೆ ಇನ್ನೆರಡು ತಿಂಗಳ ಸಂಬಳ ಅಲ್ಲಿಂದಲೇ ಹುಟ್ಟುತ್ತದೆ.

ಬೈಕಂಪಾಡಿ, ಯೆಯ್ಯಾಡಿಯ ಕಿರು ಉದ್ಯಮಿಗಳಿಗೂ ಇದರಲ್ಲಿ ಪಾಲುಂಟು. ಔಟ್‌ಡೋರ್ ಯುನಿಟ್ ಹೊರುವ ಬ್ರಾಕೆಟ್‌ಗಳು ಇಂದು ಹೆಚ್ಚಾಗಿ ಬಣ್ಣ ಬಳಿದ ಕಬ್ಬಿಣದವು. ಕಡಲ ಗಾಳಿಗೆ ಅವು ತುಕ್ಕು ಹಿಡಿದು, ಬಹುಮಹಡಿ ಕಟ್ಟಡಗಳಲ್ಲಿ ಕೆಳಗೆ ನಡೆಯುವವರ ತಲೆಯ ಮೇಲೆ ತೂಗುಕತ್ತಿಯಾಗಿವೆ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಬ್ರಾಕೆಟ್, ಕಡಲಿಗೆ ತೀರಾ ಸಮೀಪದ ಕಟ್ಟಡಗಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು, ಸೋಲಾರ್ ವಾಟರ್ ಹೀಟರಿಗೆ ತುಕ್ಕು ತಡೆಯುವ ಸ್ಟ್ಯಾಂಡು, ಇವೆಲ್ಲ ಇಲ್ಲಿಯೇ ತಯಾರಾಗಬಲ್ಲ ಸರಕುಗಳು. ಉಡುಪಿ, ಕಾಸರಗೋಡು, ಕಾರವಾರಗಳದೂ ಇದೇ ಗಾಳಿ, ಇದೇ ಮಾರುಕಟ್ಟೆ.

ಕೆಡದ ಯಂತ್ರಕ್ಕೆ ಗ್ರಾಹಕ ಹಣ ಕೊಡಲಾರನೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ವರ್ಷಕ್ಕೆ ಮೂರು ಸರ್ವಿಸ್ ಎಂಬ ವಾರ್ಷಿಕ ಒಪ್ಪಂದಗಳನ್ನು ಅವನು ಒಮ್ಮೆ ನಂಬಿ, ಖರೀದಿಯ ತಿಂಗಳಿನಿಂದ ಎಣಿಸಿ ಜುಲೈಯ ಜಡಿಮಳೆಯಲ್ಲಿ ಬಂದು ಹೋದ ಸರ್ವಿಸನ್ನು ಕಂಡು ಬೇಸತ್ತಿದ್ದಾನೆ. ಆದುದರಿಂದ ಒಪ್ಪಂದದಲ್ಲಿ ಎಣಿಕೆಯ ಬದಲು ತಿಂಗಳ ಹೆಸರು ಬರಬೇಕು. ಯಂತ್ರಗಳು ಹೆಚ್ಚು ಬಾಳಿದರೆ ಹೊಸದರ ಮಾರಾಟ ಕುಗ್ಗೀತೆಂದು ಒಳಗೊಳಗೇ ಅಳುಕುವ ವರ್ತಕರೂ ಇದ್ದಾರೆ. ಐದು ವರ್ಷಕ್ಕೇ ಸೋರಿದ ಗೀಸರಿನ ಮಾಲೀಕ ಹೊಸದನ್ನು ಕೊಳ್ಳಲು ಅದೇ ಅಂಗಡಿಗೆ ಬರುತ್ತಾನೆಂಬ ಭರವಸೆ ಅವರಿಗೆ ಎಲ್ಲಿಂದ ಬಂತೋ ತಿಳಿಯದು.

ವಾಣಿಜ್ಯ ಸಂಸ್ಥೆಯ ಮಟ್ಟದಲ್ಲಿ ಆಗಬೇಕಾದುದು ದೊಡ್ಡದೇನಲ್ಲ. ಉಪಕರಣ ವರ್ತಕರು, ಸರ್ವಿಸ್ ಕೇಂದ್ರಗಳು ಮತ್ತು ವಿದ್ಯುತ್ ಗುತ್ತಿಗೆದಾರರು ಆಗಸ್ಟಿನಲ್ಲೊಮ್ಮೆ ಕಲೆತು, ಕನ್ನಡದಲ್ಲಿ ಒಂದೇ ಹಾಳೆಯ ತಪಾಸಣಾ ಪಟ್ಟಿಯನ್ನು ಸಿದ್ಧಪಡಿಸಿ, ಅದರ ಬದಿಯಲ್ಲೇ ಒಪ್ಪಿದ ದರವನ್ನೂ ಮುದ್ರಿಸಿ, ಹಬ್ಬದ ಬಿಲ್ಲಿನ ಜೊತೆ ಗ್ರಾಹಕನ ಕೈಗಿಡಬಹುದು. ಮೆಗ್ನೀಸಿಯಂ ಸರಳಿನ ದಾಸ್ತಾನನ್ನು ಅಷ್ಟರೊಳಗೆ ತರಿಸಿಟ್ಟಿರಬೇಕು.